ಮೂಳೆಗೆಂದು ಕೊಟ್ಟದ್ದು

ನಮ್ಮ ಮನೆಯಲ್ಲಿ ಒಬ್ಬರ ಅಡುಗೆಯ ಮೇಲೆ ಇನ್ನೊಬ್ಬರಿಗೆ ನಂಬಿಕೆ ಇರಲಿಲ್ಲ. ಮೂಳೆಯ ಮೇಲೆ ಮಾತ್ರ ಎಲ್ಲರಿಗೂ ನಂಬಿಕೆ. ಯಾರನ್ನಾದರೂ ಮೆಚ್ಚಬೇಕಾದರೆ ಅಜ್ಜಿ ಬಣ್ಣ, ಮೂಗು ಯಾವುದನ್ನೂ ನೋಡುತ್ತಿರಲಿಲ್ಲ. ಮಣಿಕಟ್ಟು ಹಿಡಿದು ಅದುಮುತ್ತಿದ್ದಳು. ದನ ಕೊಳ್ಳಲು ಹೋದರೂ ಅದೇ ಪರೀಕ್ಷೆ, ಹೆಣ್ಣು ನೋಡಲು ಹೋದರೂ ಅದೇ ಪರೀಕ್ಷೆ. ನಮ್ಮಮ್ಮನನ್ನು ಹಾಗೆ ಮಣಿಕಟ್ಟು ಹಿಡಿದೇ ಒಪ್ಪಿಕೊಂಡು ಬಂದದ್ದಂತೆ. ಆಮೇಲೆ ಆ ಗಟ್ಟಿ ಕೈಯ ಜೊತೆಗೇ ಜೀವಮಾನವಿಡೀ ಜಗಳವಾಡಿದಳು. ಬಂಗಾರಪೇಟೆಯನ್ನು ಆಗ ಬೌರಿಂಗಪೇಟೆ ಅನ್ನುತ್ತಿದ್ದರು. ಅಲ್ಲಿಂದ ಕಾಮಸಮುದ್ರದ ಕಡೆಗೆ ಹೋಗುವ ಗಾಡಿದಾರಿಯ ಪಕ್ಕ ನಮ್ಮ ಊರು. ಬಾಗಿಲು ದಾಟಿದರೆ ಬಲಕ್ಕೆ ಕೊಟ್ಟಿಗೆ, ಎಡಕ್ಕೆ ನಡುಮನೆ, ಎರಡಕ್ಕೂ ಒಂದೇ ಸೂರು. ಒಳಗಡೆ ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಅಮ್ಮ ಹೊಗೆಯೊಂದಿಗೆ ಗುದ್ದಾಡುತ್ತಿದ್ದರೆ ಹೊರಗಡೆ ಜಗಲಿಯ ಮೇಲೆ ಅಜ್ಜಿ ಎಲೆಅಡಿಕೆ ಚೀಲ, ಸುಣ್ಣದ ಡಬ್ಬಿ ಇಟ್ಟುಕೊಂಡು ಕೂತಿರುತ್ತಿದ್ದಳು. ಏನು ಬೇಯುತ್ತಿದೆ, ಯಾಕೆ ಬೇಯುತ್ತಿದೆ, ಸರಿಯಾಗಿ ಯಾಕೆ ಬೇಯುತ್ತಿಲ್ಲ ಎಂಬುದನ್ನೆಲ್ಲ ಅಲ್ಲಿಂದಲೇ ಕೂಗಿ ವಿಚಾರಿಸುತ್ತಿದ್ದಳು.

ಈ ಮೂಳೆಯ ಹುಚ್ಚಿಗೆ ನಾನೇ ಸಾಕ್ಷಿಯಾಗಿ ಸಿಕ್ಕಿದ್ದು ನನ್ನ ಗ್ರಹಚಾರ. ಮೂರು ವರ್ಷ ತುಂಬಿದರೂ ನಾನು ನಡೆದಿರಲಿಲ್ಲವಂತೆ. ತೆವಳುತ್ತಿದ್ದೆ, ಎತ್ತಿ ನಿಲ್ಲಿಸಿದರೆ ಕುಸಿಯುತ್ತಿದ್ದೆ. ಅಜ್ಜಿ ದಿನಾ ಬೆಳಿಗ್ಗೆ ಮಡಕೆಯ ನೀರಿಗೆ ಎಲೆಅಡಿಕೆಯ ಸುಣ್ಣ ಕದಡಿ, ಅದು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಕಾಯಿಚಿಪ್ಪಿಗೆ ಬಸಿದು, ನನ್ನ ಮೂಗು ಹಿಡಿದು ಕುಡಿಸುತ್ತಿದ್ದಳು. ಹೀಗೆ ತಿಂಗಳುಗಟ್ಟಲೆ ನಡೆದ ಮೇಲೆ ಒಂದು ದಿನ ನಾನು ಕೊಟ್ಟಿಗೆಯ ಗೊಂತು ಹಿಡಿದು ಎದ್ದು ನಿಂತೆ. ನಡೆಯಬೇಕಾದ ಕಾಲಕ್ಕೆ ನಾನಾಗಿಯೇ ಎದ್ದಿದ್ದರೂ ಎದ್ದಿರಬಹುದು, ಯಾರು ಬಲ್ಲರು? ಆದರೆ ಅವತ್ತಿನಿಂದ ನನ್ನ ಎರಡು ಕಾಲೂ ಅಜ್ಜಿಯ ಸ್ವತ್ತಾದವು. ನೆಂಟರು ಬರಲಿ, ಬಳೆಗಾರ ಬರಲಿ, ನನ್ನನ್ನು ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಸಿ ತೋರಿಸುತ್ತಿದ್ದಳು.

“ಸುಣ್ಣದ ತಿಳಿ ಕುಡ್ಸಿ ನಡೆಸ್ದೆ ಕಣಮ್ಮ ಇವ್ಳನ್ನ. ಇಲ್ದಿದ್ರೆ ಇವತ್ಗೂ ಮೂಲೇಲಿ ಕುಂತಿರೋಳು.”

ನನ್ನ ಎಡಪಾದ ತುಸು ಹೊರಕ್ಕೆ ತಿರುಗಿಕೊಂಡಿತ್ತು, ಈಗಲೂ ಹಾಗೇ ಇದೆ. ಅದನ್ನು ಎಲ್ಲರೂ ನೋಡುತ್ತಿದ್ದರು, ಅಜ್ಜಿಯ ಮುಂದೆ ಮಾತ್ರ ಯಾರೂ ಬಾಯಿಬಿಡುತ್ತಿರಲಿಲ್ಲ. ನಡೆದು ತೋರಿಸುವ ಆ ಮೆರವಣಿಗೆ ನನಗೆ ಎಷ್ಟು ರೇಜಿಗೆ ತರಿಸಿತ್ತೆಂದರೆ, ಜಗಲಿಯ ಮೇಲೆ ಚಾಪೆ ಬಿದ್ದರೆ ಸಾಕು, ನಾನು ಹಿತ್ತಿಲ ಬಾಗಿಲಿಂದ ಓಡಿಹೋಗುತ್ತಿದ್ದೆ.

ನನಗೆ ಹತ್ತು ವರ್ಷವಿರುವಾಗ ಕಾಮಸಮುದ್ರದ ಗುಡ್ಡದ ಕಡೆಯಿಂದ ಬಂದ ಚಿರತೆ ನಮ್ಮ ಕೊಟ್ಟಿಗೆಯಿಂದ ಕರುವನ್ನು ಎಳೆದುಕೊಂಡು ಹೋಯಿತು. ಊರ ನಾಯಿಗಳೆಲ್ಲ ಜಗಲಿಯ ಸಂದಿಯಲ್ಲಿ ಸೇರಿಕೊಂಡು ನಡುಗುತ್ತಿದ್ದವೇ ಹೊರತು ಒಂದೂ ಉಸಿರೆತ್ತಲಿಲ್ಲ. ಅಪ್ಪ ದಿನಾ ಬೆಳಗಿನ ರೈಲಿನಲ್ಲಿ ಚಿನ್ನದ ಗಣಿಯ ಕೋರಮಂಡಲ್‌ನ ಬಂಗಲೆಗಳಿಗೆ ಹಾಲು ಕೊಂಡೊಯ್ಯುತ್ತಿದ್ದ. ಅಲ್ಲಿ ಒಬ್ಬ ದೊರೆಸಾನಿಯ ಹತ್ತಿರ ಕರುವಿನೆತ್ತರದ ನಾಯಿಯಿತ್ತು, ಅದು ಮರಿ ಹಾಕಿತ್ತು. ಆಕೆ ತನ್ನ ದೇಶಕ್ಕೆ ಹೊರಟಿದ್ದಳು. ಕರುವಿನ ಕತೆ ಕೇಳಿ ಒಂದು ಮರಿಯನ್ನು ಅಪ್ಪನಿಗೇ ಕೊಟ್ಟುಬಿಟ್ಟಳು. ಅಪ್ಪ ಅದನ್ನು ಖಾಲಿ ಹಾಲಿನ ಕ್ಯಾನುಗಳ ನಡುವೆ ಕೂರಿಸಿಕೊಂಡು ತಂದ. ಎರಡು ತಿಂಗಳ ಮರಿಯಂತೆ, ಆಗಲೇ ನಮ್ಮೂರ ದೊಡ್ಡ ನಾಯಿಯಷ್ಟಿತ್ತು. ಪಂಜಗಳೋ ಅಮ್ಮನ ಅಂಗೈಗಿಂತ ಅಗಲ. ದೊರೆಸಾನಿಯ ಮನೆಯಿಂದ ಬಂದದ್ದಕ್ಕೆ ಅಜ್ಜಿ ಅದನ್ನು ದೊರೆ ಎಂದು ಕರೆದಳು, ಅದೇ ಹೆಸರು ನಿಂತಿತು. ಮರಿಯ ಜೊತೆಗೆ ಬಂಗಲೆಯ ಬಟ್ಲರ್ ಒಂದು ತಗಡಿನ ಲೋಟವನ್ನೂ ಕಳಿಸಿದ್ದ.

“ದಿನಕ್ಕೆ ಮೂರು ಸಲ, ಈ ಲೋಟದಾಗೆ ಒಂದೊಂದಂತೆ,” ಅಂದ ಅಪ್ಪ. “ಅನ್ನ, ಒಸಿ ಬೇಯ್ಸಿದ ಮಾಂಸ. ಮೇಲೊಂದು ತುತ್ತೂ ಇಕ್ಕಬಾರ್ದಂತೆ. ಈ ಜಾತಿ ನಾಯಿ ನಿದಾನಕ್ಕೆ ಬೆಳೀಬೇಕಂತೆ.”

“ಏನ್ಲಾ, ಉಣ್ಣೋ ಬಾಯ್ಮುಂದೆ ಅಳತೆ ಇಡಾಕೆ ನಮ್ಮನೇನು ಜೈಲೇನ್ಲಾ?” ಅಜ್ಜಿ ಲೋಟವನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಇಷ್ಟು ಗಾತ್ರದ ಮರಿಗೆ ಇಷ್ಟು ಗಾತ್ರದ ಲೋಟ! ಜಿಪುಣಿ ಕಣ್ಲಾ ನಿನ್ ದೊರೆಸಾನಿ.”

ಉಣ್ಣುವವರ ಎದುರಿಗೆ ಅಳೆಯಬಾರದು ಎಂಬುದು ನಮ್ಮ ಮನೆಯಲ್ಲಿ ದೇವರ ಮುಂದೆ ಹಚ್ಚುವ ದೀಪದಷ್ಟೇ ಕಟ್ಟುನಿಟ್ಟು. ಒಲೆಗೆ ಹಾಕುವ ಹಿಟ್ಟು ಅಳೆಯಬಹುದು, ಬಡಿಸುವಾಗ ಅಳೆದರೆ ಉಂಡದ್ದು ಮೈಗೆ ಹತ್ತುವುದಿಲ್ಲ. ನಮ್ಮಲ್ಲಿ ಯಾರೂ ಎಷ್ಟು ಮುದ್ದೆ ಉಂಡೆ ಎಂದು ಎಣಿಸಿ ಹೇಳಿದ್ದನ್ನು ನಾನು ಕೇಳಿಲ್ಲ. ಹೀಗಾಗಿ ಲೋಟ ಅವತ್ತೇ ಉಪ್ಪಿನ ಗಡಿಗೆಯೊಳಕ್ಕೆ ಇಳಿಯಿತು. ಆ ಬಟ್ಲರ್ ಮಹಾರಾಯ ಎರಡು ಮಾತಿನಲ್ಲಿ ಹೇಳಿ ಕಳಿಸಿದ್ದನ್ನು ಕೇಳಿದ್ದರೆ ಮುಂದಿನ ಇಷ್ಟೂ ರಾಮಾಯಣ ತಪ್ಪುತ್ತಿತ್ತು. ಈಗ ನೆನೆಸಿಕೊಂಡರೂ ನನಗೆ ಮೈಯೆಲ್ಲ ಉರಿಯುತ್ತದೆ.

ಮಾರನೆಯ ದಿನದಿಂದ ಶುರುವಾಯಿತು. ಅಮ್ಮ ಬೆಳಿಗ್ಗೆ ರಾಗಿ ಅಂಬಲಿ ಕಾಯಿಸಿ ಒಂದು ಬೋಸಿ ತುಂಬ ಇಡುತ್ತಿದ್ದಳು. ರಾಗಿ ಬಿಟ್ಟು ಮೂಳೆಗೆ ಇನ್ನೇನಿದೆ ಎಂಬುದು ಅವಳ ಪ್ರಶ್ನೆ. ಅಪ್ಪ ರೈಲಿನಿಂದ ಇಳಿದು ಬಂದವನೇ ಕ್ಯಾನಿನಲ್ಲಿ ಉಳಿದ ಹಾಲನ್ನೆಲ್ಲ ಸುರಿಯುತ್ತಿದ್ದ. ಮಧ್ಯಾಹ್ನ ಅಜ್ಜಿಯ ಸರದಿ. ಹಬ್ಬಕ್ಕೂ ನಮಗೆ ಲೆಕ್ಕಾಚಾರವಾಗಿ ಬೀಳುತ್ತಿದ್ದ ಅಕ್ಕಿ ಅನ್ನ ದೊರೆಗೆ ದಿನವೂ ಬೇಯುತ್ತಿತ್ತು, ಅದರ ಮೇಲೆ ಬೆಣ್ಣೆ. ಚಿಕ್ಕಪ್ಪ ಅದೇ ಚಿನ್ನದ ಗಣಿಗಳ ಸಾಲಿನ ನಂದಿದುರ್ಗದ ಗಣಿಯಲ್ಲಿ ಕೆಲಸಕ್ಕಿದ್ದ, ಅಲ್ಲೇ ಕೂಲಿಯವರ ಲೈನ್ ಮನೆಯಲ್ಲಿ ವಾಸ. ಭಾನುವಾರ ಬರುವಾಗ ಟವೆಲಿನಲ್ಲಿ ಕುರಿಯ ಕಾಲುಗಳನ್ನು ಕಟ್ಟಿಕೊಂಡು ಬಂದು, ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ಅವನ್ನು ಅರ್ಧ ದಿನ ಬೇಯಿಸುತ್ತಿದ್ದ. ನೆರೆಮನೆಯ ತಮಿಳರಿಂದ ಕಲಿತ ವಿದ್ಯೆ ಅದು. ಮೂಳೆಗೆ ಅವರು ಹೇಳುವಂತೆ ಎಲುಂಬು ಎಂದೇ ಅನ್ನುತ್ತಿದ್ದ.

“ಲೈನ್‌ನಾಗೆ ಎಲ್ಲಾರೂ ಅದೇ ಏಳ್ತಾರೆ ಅತ್ತಿಗೆ. ಎಲುಂಬು ರಸ ಕುಡುದ್ರೇನೇ ಎಲುಂಬು ಗಟ್ಟಿಯಾಗೋದು. ನಿಮ್ ಅಂಬಲೀಲಿ ಏನೈತೆ, ಬರೀ ನೀರು.”

“ನೀವೂ ಆ ನೀರ್ ಕುಡ್ದೇ ಬೆಳ್ದಿದ್ದು ಕಣಪ್ಪ,” ಅಮ್ಮ ಒಳಗಿನಿಂದಲೇ ಹೇಳುತ್ತಿದ್ದಳು.

ನಾನೂ ಸಾಚಾ ಏನಲ್ಲ. ನನ್ನ ಮುದ್ದೆಯಲ್ಲಿ ಅರ್ಧ ಮುರಿದು ತೊಡೆಯ ಪಕ್ಕದಿಂದ ಜಾರಿಸುತ್ತಿದ್ದೆ, ದೊರೆ ಅದನ್ನು ಅಗಿಯದೆ ನುಂಗುತ್ತಿತ್ತು. ಅದರ ತೇವದ ಮೂಗು ನನ್ನ ಅಂಗೈಗೆ ತಾಗಿದಾಗ ನನಗಾಗುತ್ತಿದ್ದ ಸುಖವನ್ನು ಇವತ್ತಿಗೂ ಮರೆತಿಲ್ಲ. ನನ್ನನ್ನು ನಡೆಸಿ ನೋಡದೆ ಸುಮ್ಮನೆ ನನ್ನ ಜೊತೆ ಇರುತ್ತಿದ್ದ ಜೀವ ಆ ಮನೆಯಲ್ಲಿ ಅದೊಂದೇ. ಅದು ಬೆಳೆಯಿತು, ಬೆಳೆಯಿತು, ನೋಡಿದವರು ಬೆಚ್ಚುವಷ್ಟು ಬೆಳೆಯಿತು. ಇನ್ನೆರಡು ತಿಂಗಳಲ್ಲಿ ಅದರ ಬೆನ್ನು ನನ್ನ ಸೊಂಟಕ್ಕೆ ಬಂತು. ಪಕ್ಕದ ಊರುಗಳಿಂದ ಜನ ನೋಡಲು ಬಂದರು, ಅಜ್ಜಿ ನನ್ನನ್ನು ಬಿಟ್ಟು ದೊರೆಯನ್ನು ಜಗಲಿಯ ಉದ್ದಕ್ಕೂ ನಡೆಸಿ ತೋರಿಸತೊಡಗಿದಳು. ಸಂಜೆಯಾದರೆ ಉಪ್ಪು ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯುತ್ತಿದ್ದಳು.

ಮೊದಲು ಗಮನಿಸಿದ್ದು ನಾನೇ. ಮುಂಗಾಲಿನ ಗಂಟುಗಳು ನಿಂಬೆಹಣ್ಣಿನ ಗಾತ್ರಕ್ಕೆ ಊದಿದ್ದವು. ಆಮೇಲೆ ಕಾಲುಗಳು ಬಿಲ್ಲಿನಂತೆ ಬಾಗಿದವು, ಪಂಜ ಎರಡೂ ಹೊರಕ್ಕೆ ತಿರುಗಿದವು. ದೊರೆ ಏಳಬೇಕಾದರೆ ಮುಲುಗುತ್ತಿತ್ತು, ಎದ್ದರೂ ನಾಲ್ಕು ಹೆಜ್ಜೆಗೆ ಕುಸಿಯುತ್ತಿತ್ತು. ಈಗಲಾದರೂ ಯಾರಾದರೂ ಒಂದು ಕ್ಷಣ ನಿಂತು ಯೋಚಿಸಬೇಕಿತ್ತಲ್ಲ? ಯೋಚಿಸಿದರು. ಯೋಚಿಸಿ ಎಲ್ಲರೂ ಒಂದೇ ತೀರ್ಮಾನಕ್ಕೆ ಬಂದರು: ಉಳಿದವರು ಕೊಡುತ್ತಿರುವುದು ಸಾಲದು. ಅಂಬಲಿ ತೆಳ್ಳಗಾಯಿತು ಎಂದು ಅಜ್ಜಿ ಅಮ್ಮನನ್ನು ಬೈದಳು. ಹಾಲಿಗೆ ನೀರು ಬೆರೆಸಿ ಅಭ್ಯಾಸವಾದವರು ಮನೆಯ ನಾಯಿಗೂ ಅದನ್ನೇ ಮಾಡುತ್ತಾರೆ ಎಂದು ಅಮ್ಮ ಗೋಡೆಗೆ ಹೇಳುವಂತೆ ಅಪ್ಪನಿಗೆ ಹೇಳಿದಳು. ವಾರಕ್ಕೊಂದು ದಿನ ಬಂದು ಸೂಪು ಮಾಡಿದರೆ ಏನು ಬಂತು ಎಂದು ಅಪ್ಪ ಚಿಕ್ಕಪ್ಪನ ಮೇಲೆ ಹರಿಹಾಯ್ದ. ಜಗಳ ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಪಾಲನ್ನು ದುಪ್ಪಟ್ಟು ಮಾಡಿದರು.

ಕಡೆಗೊಂದು ದಿನ ದೊರೆ ಎಬ್ಬಿಸಿದರೂ ಏಳಲಿಲ್ಲ. ಅಪ್ಪ ಬಹಳ ಹೊತ್ತು ಕೊಟ್ಟಿಗೆಯ ಬಾಗಿಲಲ್ಲಿ ಕೂತು ಅದರ ಕಾಲು ನೀವಿ ಎದ್ದು ಬಂದ.

“ದೀಪಾವಳಿ ಅಮಾವಾಸ್ಯೆ ತಂಕ ನೋಡಾನ. ಅಷ್ಟ್ರಾಗೆ ಎದ್ದು ನಿಂತ್ರೆ ಸರಿ. ಇಲ್ದಿದ್ರೆ ಬಟ್ಲರ್‌ಗೆ ಏಳಿ ಬತ್ತೀನಿ, ಬಂಗ್ಲೆಯೋರು ಕೋವಿ ಕೊಟ್ಟು ಯಾರನ್ನಾದ್ರೂ ಕಳಿಸ್ತಾರೆ. ಕಾಲ್ ಓದ ನಾಯಿ ಕುದುರೇನ ಅವ್ರು ನರಳಾಕೆ ಬಿಡಲ್ವಂತೆ.”

ಅಮಾವಾಸ್ಯೆಗೆ ಇನ್ನು ಇಪ್ಪತ್ತೈದು ದಿನವಿತ್ತು. ನಾನು ಅಳಲಿಲ್ಲ, ನನಗೆ ಬಂದದ್ದು ಸಿಟ್ಟು. ನಡೆಯಲಾರದವರನ್ನು ಹಾಗೆ ಮಾಡುವುದಾದರೆ ಮೂರು ವರ್ಷದ ನನ್ನನ್ನು ಯಾಕೆ ಬಿಟ್ಟಿರಿ ಎಂದು ಕೇಳಿದೆ. ಅಪ್ಪ ಕೈಯೆತ್ತಿದ, ಹೊಡೆಯಲಿಲ್ಲ, ಹಿತ್ತಿಲಿಗೆ ಹೋದ.

ಅದೇ ವಾರ ಎತ್ತುಗಳಿಗೆ ಲಾಳ ಕಟ್ಟುವ ಮುನಿಯಪ್ಪ ಬಂದ. ಆಂಧ್ರದ ಗಡಿಯಾಚೆಯವನು, ವರ್ಷಕ್ಕೆ ಎರಡು ಮೂರು ಸಲ ನಮ್ಮ ಕಡೆ ಸುತ್ತು ಬರುತ್ತಿದ್ದ. ಎತ್ತನ್ನು ಹಗ್ಗ ಹಾಕಿ ಕೆಡವಿ, ಗೊರಸು ಹೆರೆದು, ಲಾಳ ಬಡಿದು ಎಬ್ಬಿಸುವವರೆಗೂ ಒಂದು ಮಾತೂ ಆಡುವವನಲ್ಲ. ಜೀವಮಾನವೆಲ್ಲ ಕಾಲನ್ನೇ ನೋಡಿದವನು ಎಂಬುದು ನನಗೆ ಹೇಗೆ ಹೊಳೆಯಿತೋ ಗೊತ್ತಿಲ್ಲ. ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದವನ ಪಂಚೆ ಹಿಡಿದು ಕೊಟ್ಟಿಗೆಗೆ ಎಳೆದುಕೊಂಡು ಹೋದೆ. ಅವನು ಕೂತು ದೊರೆಯ ಗಂಟುಗಳನ್ನು ಹೆಬ್ಬೆರಳಿನಲ್ಲಿ ಮೆಲ್ಲಗೆ ಒತ್ತಿದ, ಭುಜದಿಂದ ಪಂಜದವರೆಗೆ ಸವರಿದ, ಹೊಟ್ಟೆ ತಟ್ಟಿದ. ಆಮೇಲೆ ಜಗಲಿಗೆ ಬಂದು ಯಾರು ಯಾರು ಏನೇನು ಇಕ್ಕುತ್ತೀರಿ ಎಂದು ಕೇಳಿದ. ಅಮ್ಮ ಹೇಳಿದಳು. ಅಪ್ಪ ಹೇಳಿದ. ಅವತ್ತು ಭಾನುವಾರವಾಗಿದ್ದರಿಂದ ಚಿಕ್ಕಪ್ಪನೂ ಹೇಳಿದ. ಅಜ್ಜಿ ಅನ್ನ ಬೆಣ್ಣೆ ಹೇಳಿದಳು. ನಾನು ಅರ್ಧ ಮುದ್ದೆ ಒಪ್ಪಿಕೊಂಡೆ. ಒಬ್ಬರ ಪಾಲನ್ನು ಇನ್ನೊಬ್ಬರು ಪೂರ್ತಿಯಾಗಿ ಕೇಳಿಸಿಕೊಂಡದ್ದು ಅದೇ ಮೊದಲು. ಮುನಿಯಪ್ಪ ತಲೆಯ ಮೇಲಿನ ವಸ್ತ್ರ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಅಯ್ಯೋ ರಾಮ! ಐದು ಜನ ಸೇರಿ ಒಂದು ಮರೀನ ಒಡೀತಾ ಇದ್ದೀರಲ್ಲ! ಮೈ ಮುಂದಕ್ಕೋಯ್ತು, ಕಾಲು ಇಂದೆ ಉಳೀತು. ಎಳೇ ಕಾಲು, ಆ ಬಾರ ಎಂಗೆ ಒತ್ತಾದು? ನಮ್ ಕಡೆ ಒಬ್ಬ ರೆಡ್ಡಿ ಓರಿ ಕರೂಗೆ ಇಂಗೇ ಆಲು, ಮೊಟ್ಟೆ, ಮೂಳೆ ಪುಡಿ ಅಂತ ತುರುಕ್ದ. ಅದ್ರ ಕಾಲೂ ಇಂಗೇ ಸೊಟ್ಟ ಓಯ್ತು.”

“ಅಂಗಾದ್ರೆ ಮೂಳೆಗೆ ಏನು ಕೊಡಾದಪ್ಪ?” ಅಂದಳು ಅಜ್ಜಿ.

“ಏನೂ ಬ್ಯಾಡಮ್ಮ! ಮೂಳೆಗೆ ಅಂತ ಕೊಡಾದೆಲ್ಲ ನಿಲ್ಸು. ಅರೆಹೊಟ್ಟೆ ಇಕ್ಕು. ನೆರಳಾಗೆ ಮಲಗ್ಲಿ. ಇನ್ನೇನಾದ್ರೂ ಕೊಡ್ತಿದ್ದೀರಾ ಮೂಳೆಗೆ ಅಂತ?”

ಅಜ್ಜಿ ಎಲೆಅಡಿಕೆ ಚೀಲದ ದಾರ ಬಿಗಿದಳು.

ನಾನು ಉಪ್ಪಿನ ಗಡಿಗೆಯಿಂದ ಲೋಟ ತೆಗೆದು ಬೂದಿ ಹಾಕಿ ಉಜ್ಜಿದೆ. ಅವತ್ತಿನಿಂದ ದೊರೆಯ ಊಟ ನನ್ನ ಕೈಗೆ ಬಂತು. ಲೋಟದ ತುಂಬ ಅನ್ನ, ಅದರಲ್ಲೇ ನಾಲ್ಕು ಚೂರು ಮಾಂಸ, ದಿನಕ್ಕೆ ಮೂರು ಸಲ. ಮೊದಲ ದಿನ ಅದು ಮೂರು ನೆಕ್ಕಿಗೆ ಮುಗಿಸಿ ಬೋಸಿಯನ್ನು ಮೂಗಿನಿಂದ ನನ್ನ ಕಡೆ ತಳ್ಳಿತು. ನಾನು ಎದ್ದು ಹೋಗಲಿಲ್ಲ, ಅಲ್ಲೇ ಕೂತೆ. ಅದು ಊಳಿಟ್ಟಿತು. ಆದರೂ ಕೊಡಲಿಲ್ಲ. ಆ ಊಳು ಊರಿಗೆಲ್ಲ ಕೇಳಿಸುತ್ತಿತ್ತು, ಇಷ್ಟು ದೊಡ್ಡ ಮನೆಯಲ್ಲಿ ಒಂದು ನಾಯಿಗೆ ಕೂಳಿಲ್ಲವೇ ಎಂದು ಬಾವಿಕಟ್ಟೆಯಲ್ಲಿ ಹೆಂಗಸರು ಅಮ್ಮನನ್ನು ಕೇಳಿದರು. ಅಮ್ಮ ಮನೆಗೆ ಬಂದು ನನ್ನನ್ನು ಕಟುಕಿ ಎಂದಳು. ಅಪ್ಪ ಒಂದು ದಿನ ಹಾಲು ಸುರಿಯಲು ಬಂದವನು ನನ್ನ ಮುಖ ನೋಡಿ ಕ್ಯಾನು ವಾಪಸು ತೆಗೆದುಕೊಂಡು ಹೋದ. ಚಿಕ್ಕಪ್ಪ ತಂದ ಕಾಲುಗಳನ್ನು ನಾವೇ ಸಾರು ಮಾಡಿಕೊಂಡು ತಿಂದೆವು. ಹತ್ತು ವರ್ಷದ ಹುಡುಗಿ ಬೇಡ ಎಂದು ಹೇಳಿ ನಾಲ್ಕು ದೊಡ್ಡವರನ್ನು ತಡೆಯಬಹುದು ಎಂದು ನಾನು ಕಲಿತದ್ದು ಆ ಕೊಟ್ಟಿಗೆಯ ಬಾಗಿಲಲ್ಲಿ. ನನ್ನ ಸೊಸೆಯಂದಿರು ಹಿಂದಿನಿಂದ ನನ್ನನ್ನು ಲೋಟದ ಅತ್ತೆ ಅನ್ನುತ್ತಾರೆಂದು ಗೊತ್ತು, ಅನ್ನಲಿ.

ಇಷ್ಟು ಮಾಡಿ ಹನ್ನೆರಡು ದಿನ ಕಳೆದರೂ ಗಂಟಿನ ಊತ ಇಳಿಯಲಿಲ್ಲ. ಹೊಟ್ಟೆ ಕರಗಿತ್ತು, ಕಾಲು ಹಾಗೇ ಇತ್ತು. ಹದಿಮೂರನೆಯ ದಿನ ಬೆಳಿಗ್ಗೆ ಅಪ್ಪನ ಗಾಡಿ ಹೊರಟ ಸದ್ದಿಗೆ ನನಗೆ ಎಚ್ಚರವಾಯಿತು. ಕೊಟ್ಟಿಗೆಗೆ ಹೋದರೆ ಅಜ್ಜಿ ದೊರೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ದವಡೆ ಬಿಡಿಸಿ, ಕಾಯಿಚಿಪ್ಪಿನಿಂದ ಏನನ್ನೋ ಹೊಯ್ಯುತ್ತಿದ್ದಳು. ಪಕ್ಕಕ್ಕೆ, ತಳದಲ್ಲಿ ಸುಣ್ಣ ಬೆಳ್ಳಗೆ ಕೂತ ಮಡಕೆ. ದೊರೆ ಬಂದ ದಿನದಿಂದ ಅಜ್ಜಿ ಒಂದು ಬೆಳಗೂ ತಪ್ಪಿಸಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

“ಮುನಿಯಪ್ಪ ಅಷ್ಟು ಏಳಿದ್ರೂ ಕೊಡ್ತೀಯಾ?” ನಾನು ಕಿರುಚಿದೆ.

“ಇದು ಊಟ ಅಲ್ಲ ಕಣೇ, ಮದ್ದು. ನೀನು ನಡ್ದಿದ್ದು ಯಾತರಿಂದ್ಲೇ? ಇದ್ರಿಂದ್ಲೇ.”

“ನಡ್ದಿದ್ದಾ? ನನ್ ಕಾಲು ನೋಡು! ಇದೂ ಸೊಟ್ಟ, ಅದೂ ಸೊಟ್ಟ. ನೀನೇ ಎರಡನ್ನೂ ಕೆಡ್ಸಿದ್ದು!”

ಅಜ್ಜಿಯ ಕೈಯಲ್ಲಿದ್ದ ಚಿಪ್ಪು ಓರೆಯಾಗಿ ತಿಳಿಯೆಲ್ಲ ಅವಳ ಸೀರೆಗೆ ಚೆಲ್ಲಿತು. ದೊರೆಯ ತಲೆಯನ್ನು ಮೆಲ್ಲಗೆ ಹುಲ್ಲಿನ ಮೇಲಿಳಿಸಿ, ಮಡಕೆ ಎತ್ತಿಕೊಂಡು ಹೋಗಿ ತಿಪ್ಪೆಗೆ ಸುರಿದಳು. ಸುಣ್ಣದ ಡಬ್ಬಿಯನ್ನೂ ಗೋಡೆಯ ಮಾಡದೊಳಕ್ಕೆ ಹಾಕಿಟ್ಟು ಬರೀ ಎಲೆ ಅಡಿಕೆ ಅಗಿಯತೊಡಗಿದಳು. ಅವಳ ತುಟಿ ಕೆಂಪಾಗುವುದು ನಿಂತಿತು. ಅಡುಗೆಮನೆಯ ಕಡೆ ಕೂಗುವುದೂ ನಿಂತಿತು, ಅಮ್ಮನಿಗೇ ಅದು ತಡೆಯದೆ ಎರಡೆರಡು ಸಲ ಹೊರಗೆ ಬಂದು ಸಾರಿಗೆ ಉಪ್ಪು ಎಷ್ಟು ಹಾಕಲಿ ಎಂದು ಕೇಳುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು. ಆದರೂ ನಾನು ಹೇಳಿದ್ದು ಸರಿ ಎಂಬ ಹಟ ನಾಚಿಕೆಗಿಂತ ದೊಡ್ಡದಿತ್ತು.

ಅಮಾವಾಸ್ಯೆಗೆ ಎರಡು ದಿನವಿರುವಾಗ ನಾನು ಲೋಟ ಹಿಡಿದು ಕೊಟ್ಟಿಗೆಗೆ ಹೋದೆ. ದೊರೆ ಗೊಂತಿಗೆ ಮೈ ಆನಿಸಿಕೊಂಡು ಎದ್ದು ನಿಂತಿತ್ತು. ಕಾಲು ನಡುಗುತ್ತಿದ್ದವು, ಆದರೆ ಕುಸಿಯಲಿಲ್ಲ. ನಾನು ಕೂಗಿದ ಕೂಗಿಗೆ ಎಲ್ಲರೂ ಓಡಿಬಂದರು. ಅಪ್ಪ ನೋಡಿದ, ನನ್ನ ತಲೆಯ ಮೇಲೆ ಕೈಯಿಟ್ಟು ಒಂದು ಸಲ ಅಲ್ಲಾಡಿಸಿದ. ಕೋವಿಯ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಕಾಲು ಪೂರ್ತಿ ನೆಟ್ಟಗಾಗಲೇ ಇಲ್ಲ. ಕೊನೆಯವರೆಗೂ ಮುಂದಿನ ಪಂಜಗಳು ಹೊರಕ್ಕೆ ತಿರುಗಿಕೊಂಡೇ ಇದ್ದವು. ಆದರೆ ಅದು ನಡೆಯಿತು, ಓಡಿತು, ವರ್ಷಗಟ್ಟಲೆ ಕೊಟ್ಟಿಗೆಯ ಬಾಗಿಲಿಗೆ ಅಡ್ಡಲಾಗಿ ಮಲಗಿತು.

ಹಬ್ಬದ ಮಾರನೆಯ ಬೆಳಿಗ್ಗೆ ದೊರೆ ಮೊದಲ ಸಲ ಅಂಗಳ ದಾಟಿ ಜಗಲಿಯವರೆಗೆ ಬಂತು, ನಾನು ಅದರ ಪಕ್ಕದಲ್ಲೇ ನಡೆದು ಬಂದೆ. ಅಜ್ಜಿ ಅದರ ಪಂಜ ನೋಡಿದಳು. ಆಮೇಲೆ ಬಹಳ ಹೊತ್ತು ನನ್ನ ಎಡಗಾಲು ನೋಡಿದಳು.

“ನಾಗಿ,” ಅಂದಳು, “ನಿನ್ ಕಾಲೂ ನಾನೇ ಕೆಡ್ಸಿದ್ನೇನಮ್ಮ?”

ಅವಳ ದನಿ ಹಾಗೆ ಸಣ್ಣಗಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಾನು ಒಳಗೆ ಹೋಗಿ ಮಾಡದಿಂದ ಸುಣ್ಣದ ಡಬ್ಬಿ ತಂದೆ, ಕಾಯಿಚಿಪ್ಪು ತಂದೆ, ಎರಡನ್ನೂ ಅವಳ ಮುಂದಿಟ್ಟು ಕೂತೆ.

“ಇನ್ನೂ ಬೆಳೀತಾ ಇದ್ದೀನಿ ಅಜ್ಜಿ. ನಂಗೆ ತಿಳಿ ಮಾಡ್ಕೊಡು.”

ಅಜ್ಜಿ ನನ್ನ ಮುಖ ನೋಡಿದಳು. ಆಮೇಲೆ ಮಡಕೆಗೆ ನೀರು ಹಾಕಿ ಸುಣ್ಣ ಕದಡಿದಳು. ಅದು ತಳಕ್ಕೆ ಕೂರುವವರೆಗೆ ನಾವಿಬ್ಬರೂ ಕಾದೆವು. ಬಸಿದು ಕೊಟ್ಟದ್ದನ್ನು ಮೂಗು ಹಿಡಿದುಕೊಂಡು ಒಂದೇ ಗುಟುಕಿಗೆ ಕುಡಿದೆ. ಅದೊಂದು ಬೆಳಗಿಗೆ ಮುಗಿಯುತ್ತದೆಂದು ನಾನು ತಿಳಿದಿದ್ದೆ. ಅಜ್ಜಿ ಇನ್ನೂ ಆರು ವರ್ಷ ಬದುಕಿದ್ದಳು, ಆ ಆರು ವರ್ಷವೂ ದಿನಾ ಬೆಳಿಗ್ಗೆ ಚಿಪ್ಪು ಹಿಡಿದು ನನ್ನನ್ನು ಕೂಗಿದಳು. ಥೂ, ಎಂಥಾ ಕೆಟ್ಟ ರುಚಿ ಅದು! ನಾನು ಒಂದು ದಿನವೂ ಬೇಡ ಅನ್ನಲಿಲ್ಲ.